ಮೂವತ್ತೆಂಟನೆಯ ಚಿತ್ರ

ಮೈಸೂರಿಗೆ ಹೋಗಿ ಫೋಟೋಗ್ರಫಿ ಓದುತ್ತೇನೆ ಎಂದಾಗ ಅರಸೀಕೆರೆಯ ನಮ್ಮ ಮನೆಯಲ್ಲಿ ಯಾರೂ ಬೈಯಲಿಲ್ಲ. ಕೊಬ್ಬರಿ ಚೀಲದ ಬಾಯಿ ಹೊಲಿಯುತ್ತಿದ್ದ ಅಪ್ಪ ದಬ್ಬಳ ನಿಲ್ಲಿಸಿ, “ಗುಂಡಿ ಒತ್ತಕ್ಕೆ ಯೂನಿವರ್ಸಿಟಿ ಯಾಕ್ಲಾ?” ಅಂದರು, ಅಷ್ಟೆ. ಸೋದರಮಾವ ಮಾತ್ರ ನಿಜವಾಗಿ ಖುಷಿಪಟ್ಟರು. ಅವರ ಮಗಳ ಮದುವೆಯ ಫೋಟೋ ಖರ್ಚು ಉಳಿದಿತ್ತು. ಪ್ರವೇಶಪತ್ರದಲ್ಲಿ ‘ಸೃಜನಶೀಲ ಛಾಯಾಗ್ರಹಣ’ ಎಂದಿತ್ತು. ‘ಸೃಜನಶೀಲ’ವನ್ನು ನಾಲಗೆ ತೊಡರದೆ ಹೇಳಬಲ್ಲವನು ನಮ್ಮ ವಂಶದಲ್ಲಿ ನಾನೊಬ್ಬನೇ. ಅರ್ಥ ನನಗೂ ಗೊತ್ತಿರಲಿಲ್ಲ.

ಕಲಾಶಾಲೆಯಲ್ಲಿ ಮೊದಲು ಕೊಟ್ಟದ್ದು ಮೊಟ್ಟೆ. ಬಿಳಿ ಕಾಗದದ ಮೇಲೆ ಬಿಳಿ ಮೊಟ್ಟೆ ಇಟ್ಟು ತೆಗೆಯಬೇಕು, ಮೊಟ್ಟೆಯೂ ಬಿಳಿಯಾಗಿ ಬರಬೇಕು, ಕಾಗದವೂ ಬಿಳಿಯಾಗಿ ಬರಬೇಕು. ಮೊಟ್ಟೆ ಮುಟ್ಟದ ಮನೆಯಿಂದ ಬಂದಿದ್ದ ಗೆಳೆಯ ಥರ್ಮಾಕೋಲ್ ಚೆಂಡು ಇಟ್ಟುಕೊಂಡ. ಇಬ್ಬರದೂ ಬೂದಿಯಲ್ಲಿ ಹೊರಳಿಸಿ ತೆಗೆದಂತೆ ಬಂತು. ಕ್ಯಾಮೆರಾದ ಮೀಟರಿಗೆ ಬಿಳಿಯೂ ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ. ಎದುರು ಬಂದದ್ದೆಲ್ಲ ನಡುವಿನ ಬೂದುಬಣ್ಣ ಎಂದೇ ಅದರ ನಂಬಿಕೆ. ಬಿಳಿ ಬೇಕಾದರೆ ಅದು ಹೇಳಿದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು ಎಂದು ಮೇಷ್ಟ್ರು ಹೇಳಿದ್ದು ಮೂರನೆಯ ವಾರ. ಅಷ್ಟರಲ್ಲಿ ನಾವು ಎರಡು ಡಜನ್ ಮೊಟ್ಟೆ ಕೊಂಡಿದ್ದೆವು. ಹಾಸ್ಟೆಲಿನಲ್ಲಿ ಆಮ್ಲೆಟ್ಟಿಗೆ ಬರವಿರಲಿಲ್ಲ.

ಡಾರ್ಕ್‌ರೂಮು ನನಗೆ ಬೇಗ ಒಗ್ಗಿತು, ಏಕೆಂದರೆ ಅದು ಅಡುಗೆಮನೆ. ಡಿ-76 ಡೆವಲಪರಿನ ಪಾಕ ಇವತ್ತಿಗೂ ಬಾಯಿಪಾಠ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಮೆಟಾಲ್ ಕರಗುವ ಮೊದಲೇ ಸಲ್ಫೈಟನ್ನೆಲ್ಲ ಸುರಿದರೆ ಕೆಟ್ಟಿತು, ಸಾಸಿವೆ ಸಿಡಿಯುವ ಮೊದಲೇ ಬೇಳೆ ಬಗ್ಗಿಸಿದ ಹಾಗೆ. ದ್ರಾವಣ 20 ಡಿಗ್ರಿಯಲ್ಲಿರಬೇಕು ಎಂದು ಪುಸ್ತಕ ಹೇಳುತ್ತಿತ್ತು. ಏಪ್ರಿಲ್ ತಿಂಗಳ ಮೈಸೂರಿನ ನಲ್ಲಿ ಪುಸ್ತಕ ಓದಿರಲಿಲ್ಲ. ಕಬ್ಬಿನಹಾಲಿನ ಗಾಡಿಯವನಿಂದ ಐಸು ತಂದು, ಪಾತ್ರೆಯ ಸುತ್ತ ಬಕೆಟ್ಟಿನಲ್ಲಿ ಸುರಿಯುತ್ತಿದ್ದೆವು. ಕೆಂಪು ದೀಪದಡಿ, ಟ್ರೇಯೊಳಗಿನ ಕಾಗದದಲ್ಲಿ ಮೊದಲು ಒಂದು ಹುಬ್ಬು, ಆಮೇಲೆ ಒಂದು ಕಣ್ಣು ಮೂಡುವಾಗ ಎಲ್ಲರೂ ಸುಮ್ಮನಾಗುತ್ತಿದ್ದೆವು. ಹೊರಗೆ ಬಂದರೆ ಮೈಯೆಲ್ಲ ಹೈಪೋ ವಾಸನೆ. ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ.

ಪ್ರಿಂಟಿಗೆ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಕಾಗದ. ಫಿಲ್ಮು ಮಾತ್ರ ಪೂರ್ವ ಜರ್ಮನಿಯ ವುಲ್ಫೆನ್ ಊರಿನ ಓರ್ವೋ. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಒಡೆದಾಗ ಜಗತ್ತೆಲ್ಲ ಕುಣಿಯಿತು. ನಾವು ಆರು ಜನ ಕ್ಯಾಂಟೀನಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತೆವು, ಇನ್ನು ಅಗ್ಗದ ಫಿಲ್ಮು ಬರುತ್ತದೋ ಇಲ್ಲವೋ ಎಂದು. ನೂರು ಅಡಿಯ ಸುರುಳಿ ತಂದು, ಕಗ್ಗತ್ತಲಲ್ಲಿ ಕತ್ತರಿಸಿ, ಹಳೆಯ ಡಬ್ಬಿಗಳಿಗೆ ಸುತ್ತಿಕೊಳ್ಳುತ್ತಿದ್ದ ಕಾಲ. ಹೊರಗೆ ಎಳೆಯುವ ತುದಿಯನ್ನು ಗಿಡ್ಡ ಮಾಡಿದರೆ 36ರ ಫಿಲ್ಮಿನಲ್ಲಿ 37 ಬರುತ್ತಿತ್ತು. 38 ತೆಗೆದವನು ಆ ವಾರದ ವೀರ.

ಮಾವನ ಮಗಳ ಮದುವೆಯೂ ಆಯಿತು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಧಾರೆಯ ಹೊತ್ತಿಗೆ ಪುರೋಹಿತರ ಜುಟ್ಟಿನ ನೆರಳು ಗೋಡೆಯ ಮೇಲೆ ಬಹಳ ಚೆನ್ನಾಗಿ ಬಿದ್ದಿತ್ತು, ಅದನ್ನು ತೆಗೆದೆ. ಮಾವ ಆಲ್ಬಂ ಎರಡು ಸಲ ತಿರುವಿ, “ಗಂಡೆಲ್ಲೋ?” ಎಂದು ಕೇಳಿದರು.

ಮಾರನೆಯ ವರ್ಷ ದಸರಾಕ್ಕೆ ಅಪ್ಪ ಬಂದರು, ಮಗ ಏನು ಓದುತ್ತಾನೆಂದು ನೋಡಲು. ನಮಗೆ ಅವತ್ತೇ ಪರೀಕ್ಷೆಯ ಕೆಲಸ. ಅರಮನೆಗೆ ಬೆನ್ನು ಹಾಕಿ ನಿಂತು ಜನರನ್ನು ತೆಗೆಯಿರಿ ಎಂದು ಮೇಷ್ಟ್ರ ಅಪ್ಪಣೆ. “ಫೋಟೋಗ್ರಾಫರ್ ಸತ್ಯನ್ ನಮ್ಮೂರಿನವರೇ ಅಲ್ವೇನ್ರಯ್ಯಾ? 1979ರಲ್ಲಿ ವಿಶ್ವಸಂಸ್ಥೆಯ ಗೋಡೆಗೆ ಏರಿದ್ದು ಅವರ ಮಕ್ಕಳ ಚಿತ್ರಗಳು. ಅರಮನೆ ಬೇಕಾದ್ರೆ ಕ್ಯಾಲೆಂಡರ್ ಕೊಂಡ್ಕೊಳ್ಳಿ” ಅಂದಿದ್ದರು. ಏಳು ಗಂಟೆಗೆ ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿದವು. ಎದುರಿಗಿದ್ದ ಸಾವಿರ ಮುಖ ಒಂದೇ ಏಟಿಗೆ ಬೆಳಗಿತು. ನನ್ನ ಭಾರದ ರಷ್ಯನ್ ಜೆನಿಟ್ ಕಟಕಟನೆ ಓಡಿತು. ಬೊಂಬಾಯಿ ಮಿಠಾಯಿ ಹಿಡಿದು ತಿನ್ನಲು ಮರೆತ ಹುಡುಗಿ. ಟೋಪಿ ತೆಗೆದ ಪೊಲೀಸು. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು! ನಾನೇ ವೀರ. ಮೂವತ್ತೊಂಬತ್ತೂ ಬಂತು. ನಲವತ್ತಕ್ಕೆ ಹೊಟ್ಟೆಯಲ್ಲಿ ಸಣ್ಣಗೆ ಏನೋ ಆಯಿತು. ಫಿಲ್ಮು ಮುಂದೆ ಸರಿಯುತ್ತಿದ್ದರೆ ಎಡಗಡೆಯ ಗುಂಡಿ ತಿರುಗಬೇಕು. ಅದು ತಿರುಗುತ್ತಿರಲಿಲ್ಲ. ತುದಿ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಗಿಡ್ಡ ಮಾಡಿದ್ದೆನಲ್ಲ.

ಮೇಷ್ಟ್ರು ಬೈಯಲಿಲ್ಲ. “ಕೂತ್ಕೊಂಡು ಬರಿ, ಮೂವತ್ತೆಂಟನ್ನೂ” ಅಂದರು. ಬರೆದೆ. ಇಪ್ಪತ್ತಕ್ಕೆ ಹನ್ನೊಂದು ಕೊಟ್ಟರು. ಆ ವರ್ಷ ನನಗೆ ಬಂದ ಅತಿ ಹೆಚ್ಚು ಅಂಕ ಅದೇ.

ನನ್ನ ಮೊಬೈಲಿನಲ್ಲಿ ಈಗ ಹನ್ನೊಂದು ಸಾವಿರ ಫೋಟೋ ಇವೆ. ಕಾಲೇಜಿನ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದು ಎಲ್ಲರ ಮುಖದ ಮೇಲೂ ಜೇಡ ಬಲೆ ಕಟ್ಟಿದಂತಿದೆ. ಆ ಮೂವತ್ತೆಂಟನ್ನು ಬರೆದ ನೋಟ್‌ಬುಕ್ಕಿಗೆ ಏನೂ ಆಗಿಲ್ಲ. ಮೊನ್ನೆ ಅಪ್ಪನ ತಿಥಿಗೆ ಊರಿಗೆ ಹೋದಾಗ ಅಟ್ಟದ ಮೇಲೆ ಸಿಕ್ಕಿತು. ಕೊನೆಯ ಪುಟದಲ್ಲಿ ಹೀಗಿದೆ:

“38. ಅಪ್ಪ. ಅರಮನೆ ಆ ಕಡೆ ಐತೆ, ತಿರುಕ್ಕೊಳ್ಳೋ ಅಂತ ಕೈ ತೋರಿಸ್ತಿದ್ದಾರೆ. 1/30, ಎಫ್ 2. ಕೈ ಅಲುಗಿರಬಹುದು.”