ಹಳೆಯ ಆಟಿಕೆ ಕಲಿಸಿದ ವ್ಯಾಪಾರ

ಈಚೆಗೆ ನಮ್ಮ ಸಂಘದ ಯುವ ವಿಭಾಗದ ಹುಡುಗನೊಬ್ಬ ನನ್ನನ್ನು ಕೇಳಿದ: "ಅಂಕಲ್, ಹಳೆ ಆಟಿಕೆ ಕೊಂಡು ಮಾರಿದರೆ ಒಳ್ಳೆ ಲಾಭವಂತೆ. ಕಾಲೇಜಿನಲ್ಲಿದ್ದಾಗ ನೀವೂ ಮಾಡ್ತಿದ್ರಂತೆ, ಹೌದಾ?" ಹೌದು, ಮಾಡುತ್ತಿದ್ದೆ. ಅವನಿಗೆ ಕೊಟ್ಟ ಉತ್ತರ ಉಳಿದ ಯುವ ಮಿತ್ರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಲಾಭದ ಲೆಕ್ಕ ಹೇಳುತ್ತೇನೆ; ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ಅದು 1993ನೆಯ ಇಸವಿ. ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಅಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ನಾವು ಐದು ಜನ. ಕಟ್ಟಡದ ಕೆಳಗಿದ್ದ ರದ್ದಿ ಅಂಗಡಿಗೆ ಹಳೆಯ ಪೇಪರಿನ ಜೊತೆ ಮಕ್ಕಳು ಆಡಿ ಬಿಟ್ಟ ಸಾಮಾನುಗಳೂ ಬರುತ್ತಿದ್ದವು. ಒಂದು ದಿನ ಕೀಲಿ ಕೊಟ್ಟರೆ ಓಡುವ ತಗಡಿನ ರೈಲೊಂದನ್ನು 5 ರೂಪಾಯಿಗೆ ತಂದೆ. ಅಮ್ಮನ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟೆ. ರೈಲು ಓಡಿತು! ಪಕ್ಕದ ಕಟ್ಟಡದವರೊಬ್ಬರು ಮಗನಿಗೆಂದು 20 ರೂಪಾಯಿಗೆ ಕೊಂಡರು. 'ಕಸದಿಂದ ರಸ' ಎಂದು ಕೇಳಿ ಗೊತ್ತಿತ್ತು, ಅಂದು ಕಣ್ಣಾರೆ ಕಂಡೆ.

ಮುಂದಿನ ಪಾಠಶಾಲೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ. ಆದರೆ ಅದೇ ದಿನ ಬೆಳಗಿನ ಜಾವವೇ ಸುತ್ತಲಿನ ಬೀದಿಗಳಲ್ಲಿ ಜುಮ್ಮಾ ಬಜಾರು ನೆರೆಯುತ್ತದೆ. ಅಲ್ಲಿನ ಒಬ್ಬ ಚಾಚಾ ನನಗೆ ಹೇಳಿಕೊಟ್ಟ ಮೊದಲ ಮಾತು: "ಆಟಿಕೆಯ ಮುಖ ನೋಡಬೇಡ, ಹೊಟ್ಟೆ ನೋಡು." ಎಂದರೆ ತಿರುಗಿಸಿ ತಳದಲ್ಲಿ ಬರೆದಿರುವುದನ್ನು ಓದಬೇಕು. ಇಂಗ್ಲೆಂಡಿನ 'ಡಿಂಕಿ' ಲೋಹದ ಕಾರುಗಳನ್ನು ಮಾಡುತ್ತಿದ್ದ ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಮುಚ್ಚಿಹೋಯಿತು. ಅದಕ್ಕೂ ಮೊದಲೇ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ಅವುಗಳಿಂದ 'ನಿಕಿ' ಎಂಬ ಹೆಸರಿನ ಕಾರುಗಳು ತಯಾರಾಗಿದ್ದವು. ಮಕ್ಕಳಿಗೆ ಇವೆಲ್ಲ ಬರಿಯ ಕಾರು, ಸಂಗ್ರಹಕಾರರಿಗೆ ಚಿನ್ನ. ಬಣ್ಣ ಮಾಸದೆ, ಮೂಲ ಡಬ್ಬವೂ ಜೊತೆಗಿದ್ದರೆ ಬೆಲೆ ಹಲವು ಪಟ್ಟು. ಮತ್ತೆ ಬಣ್ಣ ಬಳಿದರೋ, ಬೆಲೆ ಇಳಿಯಿತೆಂದೇ ತಿಳಿಯಿರಿ.

ಲಾಭ ಎಂದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರ ಎಂದು ಮೊದಲು ತಿಳಿದಿದ್ದೆ. ಕಾಮರ್ಸ್ ವಿದ್ಯಾರ್ಥಿಯ ಜಂಬ! ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಾಗ ಸತ್ಯ ತಿಳಿಯಿತು. ಬಸ್ಸಿನ ಟಿಕೆಟ್ಟು, ಸೋಪು, ಹೊಸ ಸೆಲ್ಲು, ಜೊತೆಗೆ ಕೊಂಡ ಹತ್ತರಲ್ಲಿ ರಿಪೇರಿಯಾಗದೆ ಮೂಲೆ ಸೇರಿದ ಮೂರು. ಎಲ್ಲ ಕಳೆದರೆ ತಿಂಗಳಿಗೆ ಉಳಿಯುತ್ತಿದ್ದುದು 150ರಿಂದ 200 ರೂಪಾಯಿ. ಆದರೂ ಆ ವರ್ಷದ ಕಾಲೇಜು ಫೀಸನ್ನು ಅಪ್ಪನ ಕೈಯಿಂದ ಕೇಳಲಿಲ್ಲ ಎಂಬ ಹೆಮ್ಮೆ ನನಗಿತ್ತು.

ಆ ಹೆಮ್ಮೆ ಮುರಿದದ್ದು ಮರುವರ್ಷ. ಅಪ್ಪನಿಗೆ ಪರಿಚಯದ ಹಿರಿಯರೊಬ್ಬರ ಮನೆ ಮಾಟುಂಗಾದಲ್ಲಿತ್ತು. ಯಜಮಾನರು ತೀರಿಕೊಂಡ ಮೇಲೆ ಅಜ್ಜಿ ಒಬ್ಬರೇ ಮನೆ ಖಾಲಿ ಮಾಡಿ, ಠಾಣೆಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಮಗ ಅಮೆರಿಕದಲ್ಲಿ. "ಇದೊಂದು ಟ್ರಂಕು ತಗೊಂಡು ಹೋಗು ಮಗಾ, ಏನಾದ್ರೂ ಕೊಡು" ಎಂದರು. ತೆರೆದರೆ ಡಬ್ಬಗಳ ಸಮೇತ ಏಳು ಡಿಂಕಿ ಕಾರು! ಕೆಳಗೆ ಒಂದು ಚನ್ನಪಟ್ಟಣದ ಗಿಲಕಿ. ನನ್ನ ಎದೆ ಹೊಡೆದುಕೊಂಡಿತು. ಮುಖದಲ್ಲಿ ಮಾತ್ರ ಏನೂ ತೋರಿಸದೆ, ದೊಡ್ಡ ಮನಸ್ಸಿನವನಂತೆ 200 ರೂಪಾಯಿ ಕೊಟ್ಟೆ. ಅಜ್ಜಿ ಮೇಲೆ ಕಾಫಿಯನ್ನೂ ಕೊಟ್ಟು ಕಳಿಸಿದರು.

ಎರಡು ವಾರದಲ್ಲಿ ಆ ಏಳು ಕಾರುಗಳು 4,200 ರೂಪಾಯಿಗೆ ಹೋದವು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಉಬ್ಬಿ ಉಬ್ಬಿ ಹೇಳಿದೆ. ಅಪ್ಪ ತುತ್ತು ನಿಲ್ಲಿಸಿ ಕೇಳಿದರು:

"ಅದಕ್ಕೆ ಬೆಲೆ ಇದೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವರಿಗೆ?"

ನಾನು ಮಾತಾಡಲಿಲ್ಲ. 'ವ್ಯಾಪಾರಂ ದ್ರೋಹ ಚಿಂತನಂ' ಎಂಬ ಗಾದೆಯನ್ನು ನಾನೇ ಹಲವು ಸಲ ನಗುತ್ತ ಹೇಳಿದ್ದುಂಟು. ಅಂದು ಅದು ನಗುವ ಮಾತಾಗಿ ಕಾಣಲಿಲ್ಲ. ಅಪ್ಪ ಬೈಯಲಿಲ್ಲ. "ಗಲ್ಲೆಯಲ್ಲಿ ಕೂತು ಇಪ್ಪತ್ತು ವರ್ಷವಾಯ್ತು, ಹೆಚ್ಚಿಗೆ ಕೊಟ್ಟವರಿಗೆ ಚಿಲ್ಲರೆ ವಾಪಸು ಕೊಟ್ಟೇ ಕೊಟ್ಟಿದ್ದೇನೆ" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು.

ಆ ಭಾನುವಾರ 2,000 ರೂಪಾಯಿ ಲಕೋಟೆಯಲ್ಲಿಟ್ಟುಕೊಂಡು, ಮಾರಾಟವಾಗದೆ ಉಳಿದಿದ್ದ ಗಿಲಕಿಯನ್ನೂ ಹಿಡಿದು ಠಾಣೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಹಣವನ್ನು ಎಣಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ದುಡ್ಡಿನ ಮಾತಲ್ಲ ಮಗಾ. ಅದಕ್ಕೆ ಅಷ್ಟು ಬೆಲೆ ಇದೆ ಅಂತ ಹೇಳಿದ್ದರೆ ನನ್ನ ಮಗನಿಗೆ ಒಂದು ಕಾಗದ ಬರೀತಿದ್ದೆ. ಅವನು ಒಂದನ್ನಾದರೂ ಇಟ್ಟುಕೋ ಅಂತಿದ್ದನೋ ಏನೋ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರು ಶುಕ್ರವಾರ ಚೋರ್ ಬಜಾರಿಗೆ ಓಡಿದೆ. ಕಾರುಗಳು ಆಗಲೇ ಕೈ ಬದಲಾಯಿಸಿದ್ದವು, ಒಂದೂ ಸಿಗಲಿಲ್ಲ. ಹಣವನ್ನಾದರೂ ಹಿಂದಿರುಗಿಸಬಹುದಿತ್ತು. ಅಜ್ಜಿ ತಾವೇ ಮಾಡಬೇಕಿದ್ದ ತೀರ್ಮಾನವನ್ನು ನಾನು ಕಸಿದುಕೊಂಡಿದ್ದೆ. ಅದನ್ನು ಹಿಂದಿರುಗಿಸುವ ದಾರಿ ಇರಲಿಲ್ಲ. ಗಿಲಕಿಯನ್ನು ಮಾತ್ರ ಅಜ್ಜಿ ಇಟ್ಟುಕೊಂಡರು. ಚನ್ನಪಟ್ಟಣದವರು ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಾರೆ. ಆ ಕೆಂಪು ಅಷ್ಟು ವರ್ಷದ ಮೇಲೂ ಹೊಳೆಯುತ್ತಿತ್ತು.

ಹಾಗೆಂದು ವ್ಯಾಪಾರ ಬಿಡಲಿಲ್ಲ. ನೌಕರಿ ಸಿಗುವವರೆಗೆ ಇನ್ನೂ ಎರಡು ವರ್ಷ ಮಾಡಿದೆ, ಆದರೆ ಕ್ರಮ ಬದಲಾಯಿತು. ಮನೆಯವರಿಂದ ಕೊಳ್ಳುವಾಗ ಮೊದಲು ಹೇಳುವುದು, ಆಮೇಲೆ ಚೌಕಾಸಿ: "ಇದು ಇಷ್ಟಕ್ಕೆ ಹೋಗಬಹುದು, ನನ್ನ ಓಡಾಟಕ್ಕೆ, ರಿಪೇರಿಗೆ ಇಷ್ಟು ಬೇಕು." ಕೆಲವರು ಮಾರಲಿಲ್ಲ. ಆದರೆ ಮಾರಿದವರು ಇನ್ನೂ ನಾಲ್ಕು ಮನೆ ತೋರಿಸಿದರು. ಒಟ್ಟು ಲಾಭ ಮೊದಲಿಗಿಂತ ಕಡಿಮೆಯಾಗಲಿಲ್ಲ.

ಈಗ ನೀವು ಮೊಬೈಲಿನಲ್ಲಿ ಫೋಟೋ ಹಾಕಿ ಕೂತಲ್ಲೇ ಮಾರಬಲ್ಲಿರಿ. ಪುಣೆಯವರಿಗೆ ಜುನಾ ಬಜಾರಿದೆ, ಹೈದರಾಬಾದಿನವರಿಗೆ ಜುಮೇರಾತ್ ಬಜಾರಿದೆ. 1958ರ ಲೆಗೋ ಇಟ್ಟಿಗೆ ಇಂದಿನದಕ್ಕೂ ಕೂಡಿಕೊಳ್ಳುತ್ತದೆ, ಆದ್ದರಿಂದ ಬಿಡಿ ತುಂಡುಗಳನ್ನೂ ಎಸೆಯಬೇಡಿ. ಪ್ಲಾಸ್ಟಿಕ್ ಆಟಿಕೆಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ತೊಳೆಯಿರಿ. ಮರದ್ದನ್ನು, ಸೆಲ್ಲಿನದ್ದನ್ನು ನೀರಿಗೆ ಮುಳುಗಿಸಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅಂಥದನ್ನು ಶೋಕೇಸಿಗೆಂದು ಮಾರಿ, ಮಗುವಿನ ಬಾಯಿಗಲ್ಲ. ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮಾರಲೇಬೇಡಿ. ಅದನ್ನು ನುಂಗಿದ ಮಗುವಿನ ಪ್ರಾಣಕ್ಕೇ ಅಪಾಯ. ಬಿರುಕಿದ್ದರೆ ಬಿರುಕಿನದೇ ಫೋಟೋ ಹಾಕಿ.

ಮತ್ತೆ, ಯಾರಾದರೂ ಅಜ್ಜಿ ಟ್ರಂಕು ತೆರೆದು ತೋರಿಸಿದರೆ, ನಿಮಗೆ ಗೊತ್ತಿರುವುದನ್ನು ಮೊದಲು ಅವರಿಗೆ ಹೇಳಿ. ಕಾಫಿ ಆಮೇಲೆ ಕುಡಿಯಿರಿ.