ಪರದೆಯ ಮೇಲಣ ಬಯಲಾಟ

ಬಯಲಾಟವನ್ನು ಬಯಲಿನಲ್ಲಿಯೇ ನೋಡಬೇಕೆಂಬುದು ನಮ್ಮ ಸೀಮೆಯವರ ಹಳೆಯ ನಂಬಿಕೆ. ಮೇಲೆ ಆಕಾಶ, ಕೆಳಗೆ ಚಾಪೆ, ಎದುರಿಗೆ ರಂಗಸ್ಥಳ, ಬೆನ್ನಿಗೆ ಇಬ್ಬನಿ, ಇವಿಷ್ಟೂ ಕೂಡಿದಾಗಲೇ ಆಟ ಆಟವೆನಿಸುತ್ತದೆ. ಹೋಗಲು ಅನುಕೂಲವಾಗದ ರಾತ್ರಿಗಳಲ್ಲಿ ಜಗಲಿಯ ಮೇಲೆ ಮಲಗಿ, ಗದ್ದೆಗಳಾಚೆಯಿಂದ ತೇಲಿಬರುವ ಚೆಂಡೆಯ ಪೆಟ್ಟನ್ನು ಆಲಿಸುತ್ತ, ಈಗ ಯಾವ ವೇಷ ರಂಗಕ್ಕೆ ಬಂದಿರಬಹುದೆಂದು ಊಹಿಸುವುದೂ ಒಂದು ಸುಖವೇ ಹೌದು. ಆದರೆ ಅದು ಆಟ ನೋಡಿದ ಸುಖವಲ್ಲ. ನೋಡಲಾಗಲಿಲ್ಲವೆಂಬ ದುಃಖಕ್ಕೆ ಅಂಟಿಕೊಂಡ ಸುಖ. ಹೀಗೆಂದು ನಂಬಿ ಎಪ್ಪತ್ತು ವರ್ಷ ಬಾಳಿದ ನಾವು, ಸಾವಿರಾರು ಮೈಲಿ ಆಚೆಗಿನ ಒಂದು ಚಿತ್ರಮಂದಿರದಲ್ಲಿ ಇನ್ನೊಂದು ಬಗೆಯ ಬಯಲಾಟವನ್ನು ಪರದೆಯ ಮೇಲೆ ನೋಡಿ, ಆ ನಂಬಿಕೆಯನ್ನು ತುಸು ಸಡಿಲಿಸಿಕೊಂಡ ಸಂಗತಿಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ.

ನಾವು ಎಂದರೆ ನಾವಿಬ್ಬರು, ಪತಿಪತ್ನಿಯರು. ಕಾಸರಗೋಡು ಸೀಮೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ನಿವೃತ್ತರಾದವರು. 2019ರಲ್ಲಿ ಅಮೆರಿಕೆಯ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಹದಿನಾರು ವರ್ಷ. ಶಾಲೆಯ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದ ಅವನಿಗೆ ಮುಂದಿನ ವರ್ಷ ಒಂದು ಡ್ರಂ ಕೋರ್ ಸೇರಬೇಕೆಂದು ಹಟ. ಮಗಳಿಗಾಗಲಿ ಅಳಿಯನಿಗಾಗಲಿ ಅದು ಒಪ್ಪಿಗೆಯಿರಲಿಲ್ಲ. “ನೀವು ಅಧ್ಯಾಪಕರು, ನಿಮ್ಮ ಮಾತನ್ನಾದರೂ ಕೇಳಿಯಾನು. ಒಮ್ಮೆ ಅವನ ಜತೆಗೆ ಹೋಗಿ ಅದೇನೆಂದು ನೋಡಿಬನ್ನಿ. ಆಮೇಲೆ ಓದಿನ ಕಡೆ ಗಮನ ಕೊಡೆಂದು ಬುದ್ಧಿ ಹೇಳಿ” ಎಂದು ಮಗಳು ನಮ್ಮ ಹೆಗಲಿಗೆ ಕೆಲಸ ಹೊರಿಸಿದಳು.

ಡ್ರಂ ಕೋರ್ ಎಂದರೇನೆಂಬುದನ್ನು ಮೊದಲು ಹೇಳಬೇಕು. ನಗಾರಿಗಳು, ಹಿತ್ತಾಳೆಯ ಕಹಳೆಗಳು, ಧ್ವಜಧಾರಿಗಳು, ಈ ಮೂರೂ ಕೂಡಿದ ದಳವದು. ಕೊಳಲು, ಕ್ಲಾರಿನೆಟ್ ಮೊದಲಾದ ವಾದ್ಯಗಳಿಗೆ ಅಲ್ಲಿ ಎಡೆಯಿಲ್ಲ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಊರೂರುಗಳಲ್ಲಿ ಕಟ್ಟಿದ ಮೇಳಗಳು ಇದರ ಬೇರು. ಮುಂದೆ ಚರ್ಚುಗಳೂ ಸ್ಕೌಟ್ ಸಂಘಗಳೂ ಎಳೆಯರಿಗಾಗಿ ಇಂಥವನ್ನು ಕಟ್ಟಿದವು. 1971ರಲ್ಲಿ ದಳಗಳ ನಿರ್ದೇಶಕರೇ ಒಟ್ಟುಗೂಡಿ ಡ್ರಂ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ಚಾಂಪಿಯನ್ ಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರ್ ಎಂಬ ಪುಟ್ಟ ಊರಿನಲ್ಲಿ ನಡೆದು, ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ದಳ ಗೆದ್ದಿತು. 2009ರಿಂದೀಚೆಗೆ ಇಂಡಿಯಾನಾಪೊಲಿಸ್ ನಗರದ ಲೂಕಸ್ ಆಯಿಲ್ ಕ್ರೀಡಾಂಗಣವೇ ಈ ಅಂತಿಮ ಸ್ಪರ್ಧೆಗಳ ತಾಣವಾಗಿದೆ.

ದೊಡ್ಡ ದಳವೊಂದರಲ್ಲಿ ಸುಮಾರು ನೂರೈವತ್ತು ಮಂದಿ ಇರುತ್ತಾರೆ. ಇಪ್ಪತ್ತೊಂದು ದಾಟಿದವರಿಗೆ ಪ್ರವೇಶವಿಲ್ಲ. ಇಡೀ ಬೇಸಗೆ ಬಸ್ಸುಗಳಲ್ಲಿ ಊರಿಂದೂರಿಗೆ ಅಲೆಯುತ್ತ, ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗುತ್ತ, ಲಾರಿಯ ಅಡಿಗೆಮನೆಯ ಊಟ ಉಣ್ಣುತ್ತ, ಹಗಲೆಲ್ಲ ಬಿಸಿಲಿನಲ್ಲಿ ಅಭ್ಯಾಸಮಾಡುತ್ತಾರೆ. ಇಷ್ಟೆಲ್ಲ ಸಿದ್ಧತೆ ಹನ್ನೊಂದು ಹನ್ನೆರಡು ನಿಮಿಷಗಳ ಒಂದೇ ಒಂದು ಪ್ರದರ್ಶನಕ್ಕಾಗಿ! ನಮ್ಮಲ್ಲಿ ಮೇಳದ ಯಜಮಾನ ವೇಷಧಾರಿಗೆ ಸಂಬಳ ಕೊಡುತ್ತಾನೆ. ಅಲ್ಲಿಯಾದರೋ ವೇಷಧಾರಿಯೇ ಸಾವಿರಾರು ಡಾಲರು ತೆತ್ತು ಮೇಳ ಸೇರಬೇಕು. ನಮ್ಮ ಮಗಳ ಆಕ್ಷೇಪ ನಿರಾಧಾರವೆಂದು ಯಾರು ಹೇಳಿಯಾರು?

ಇಂಡಿಯಾನಾಪೊಲಿಸ್ ಮಗಳ ಮನೆಯಿಂದ ಕಾರಿನಲ್ಲಿ ಸುಮಾರು ಹತ್ತು ಗಂಟೆಯ ದಾರಿ. ಅಷ್ಟು ದೂರ ಹೋಗಲಾಗದವರಿಗಾಗಿ 2004ರಿಂದ ಒಂದು ಏರ್ಪಾಡು ಬಂದಿತ್ತು. ಆಗಸ್ಟ್ ತಿಂಗಳಿನ ಅಂತಿಮ ಸ್ಪರ್ಧೆಗಳ ಮೊದಲ ಸುತ್ತನ್ನು ನಡೆಯುತ್ತಿರುವಾಗಲೇ ದೇಶದ ನೂರಾರು ಚಿತ್ರಮಂದಿರಗಳ ಪರದೆಗೆ ಕಳುಹಿಸುವುದು. ‘ಬಿಗ್, ಲೌಡ್ ಅಂಡ್ ಲೈವ್’ ಎಂದು ಅದಕ್ಕೆ ಹೆಸರು. ದೊಡ್ಡದು, ಜೋರಿನದು, ಜೀವಂತವಾದುದು ಎನ್ನೋಣ. 2019ರ ಆಗಸ್ಟ್ 8, ಗುರುವಾರ ಸಂಜೆ, ಮೊಮ್ಮಗನ ಹಿಂದೆ ಹಿಂದೆ ನಾವೂ ಅಂಥದೊಂದು ಮಂದಿರವನ್ನು ಹೊಕ್ಕೆವು.

ಒಳಗೆ ನೋಡಿದರೆ ಸಿನಿಮಾಕ್ಕೆ ಬಂದವರ ಲಕ್ಷಣ ಯಾರಲ್ಲಿಯೂ ಇರಲಿಲ್ಲ. ಮುಪ್ಪಿನ ಮಂದಿ ತಮ್ಮ ಹರೆಯದ ದಳದ ಹೆಸರಿರುವ ಹಳೆಯ ಅಂಗಿ ತೊಟ್ಟು ಬಂದಿದ್ದರು. ಹಿಂದಿನ ಸಾಲುಗಳಲ್ಲಿ ಶಾಲೆಯ ಬ್ಯಾಂಡಿನ ಹುಡುಗರು ತೊಡೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದರು. ಪರದೆಯ ಮೇಲೆ ಹಸುರು ಬಯಲು ಮೂಡಿತು. ನೂರು ಗಜದ ಆ ಬಯಲಿಗೆ ಐದೈದು ಗಜಕ್ಕೊಂದು ಬಿಳಿಯ ಗೆರೆ. ಗೆರೆಯಿಂದ ಗೆರೆಗೆ ಎಂಟು ಹೆಜ್ಜೆ ಎಂಬುದು ಇವರ ಮೂಲ ಲೆಕ್ಕ. ಎಂದರೆ ಹೆಜ್ಜೆಯೊಂದಕ್ಕೆ ಇಪ್ಪತ್ತೆರಡೂವರೆ ಅಂಗುಲ. ಕಾಲು ಓಡುತ್ತಿದ್ದರೂ ಎದೆಯೂ ತುಟಿಯೂ ಅಲುಗಬಾರದು, ಅಲುಗಿದರೆ ಸ್ವರ ಕೆಡುತ್ತದೆ. ಮೊದಲ ಕಹಳೆಯ ಮೊಳಗು ಕಿವಿಗೆ ಬಂತು. ನಗಾರಿಯ ಪೆಟ್ಟಾದರೋ ಕಿವಿಯನ್ನು ಕೇಳದೆ ನೇರವಾಗಿ ಎದೆಗೇ ಬಂತು. ಚೌಕಿಯ ಬದಿಯಲ್ಲಿ ಕುಳಿತು ಚೆಂಡೆ ಕೇಳಿದವರಿಗೆ ಇದು ತಿಳಿಯದ ಅನುಭವವಲ್ಲ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ದಳವಾದ ಮೇಲೆ ದಳ ಬಂದಿತು. ಒಂದು ಜೋನ್ ಆಫ್ ಆರ್ಕಳ ಕತೆಯನ್ನು ಹೇಳಿತು. ಬ್ಲೂ ಡೆವಿಲ್ಸ್ ಎಂಬ ಪ್ರಸಿದ್ಧ ದಳದ ಪ್ರದರ್ಶನಕ್ಕೆ ‘ಘೋಸ್ಟ್‌ಲೈಟ್’ ಎಂದು ಹೆಸರು. ನಾಟಕ ಮುಗಿದು ಎಲ್ಲರೂ ಹೋದ ಮೇಲೆ ಬರಿದಾದ ರಂಗದ ಮೇಲೆ ಉರಿಯಬಿಡುವ ಒಂಟಿ ದೀಪಕ್ಕೆ ಅಲ್ಲಿಯವರು ಹಾಗೆನ್ನುತ್ತಾರೆಂದು ಮೊಮ್ಮಗ ಪಿಸುಗುಟ್ಟಿದ. ಪ್ರತಿ ದಳದ ಕೊನೆಯಲ್ಲಿಯೂ ಮಂದಿರದ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಕೂಗುತ್ತಿದ್ದರು. ನಮಗೆ ನಗು ಬಂದಿತು. “ಇದು ಆ ಹುಡುಗರಿಗೆ ಕೇಳಿಸುತ್ತದೆಯೇ?” ಎಂದೆವು.

“ಇಲ್ಲ” ಎಂದ ಮೊಮ್ಮಗ, “ಆದರೆ ತಟ್ಟದೆ ಇರಲಾಗುವುದಿಲ್ಲ.”

ಆ ಮಾತು ನಮ್ಮನ್ನು ಬಾಲ್ಯಕ್ಕೆ ಎಳೆದೊಯ್ದಿತು. 1956ರ ನವೆಂಬರ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿಹೋದ ಬಳಿಕದ ವರ್ಷಗಳವು. ಮೈಸೂರು ದಸರೆಯ ಮೆರವಣಿಗೆಯ ವಿವರಣೆ ಆಕಾಶವಾಣಿಯಲ್ಲಿ ಬರುವ ದಿನ ಊರಿನಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಅಂಗಳದಲ್ಲಿ ಎಲ್ಲರೂ ಸೇರುತ್ತಿದ್ದರು. ಅಂಬಾರಿ ಹೊರಟಿತೆಂದು ವಿವರಣೆಕಾರರು ಹೇಳಿದಾಗ ಹಿರಿಯರು ಕೈಮುಗಿಯುತ್ತಿದ್ದರು. ಆ ಕೈಮುಗಿತ ಮೈಸೂರಿಗೆ ತಲುಪುತ್ತಿದೆಯೆಂದು ಅವರಲ್ಲಿ ಒಬ್ಬರಾದರೂ ಎಣಿಸಿದ್ದರೇ? ಗಡಿಯ ಈಚೆಗಿರುವವರಿಗೆ ಈ ಬಗೆಯ ಸನ್ಮಾನವೇನೂ ಹೊಸತಲ್ಲವೆಂದು ನೆನಪಾಗಿ, ನಮ್ಮ ನಗು ನಿಂತಿತು.

ಅಧ್ಯಾಪಕರಾದುದರಿಂದ ಅಂಕಗಳ ವಿಚಾರವನ್ನು ಕೇಳದೆ ಬಿಡಲಿಲ್ಲ. ಒಟ್ಟು ನೂರು ಅಂಕ. ಸಮಗ್ರ ಪರಿಣಾಮಕ್ಕೆ 40, ನೋಟಕ್ಕೆ 30, ಸಂಗೀತಕ್ಕೆ 30. ನೂರಕ್ಕೆ ನೂರನ್ನು ಇದುವರೆಗೆ ಯಾರೂ ಪಡೆದಿಲ್ಲ. 2014ರಲ್ಲಿ ಬ್ಲೂ ಡೆವಿಲ್ಸ್ ಪಡೆದ 99.65 ಎಲ್ಲಕ್ಕಿಂತ ಮೇಲಿನದು. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ದಳಕ್ಕೆ 98.125, ಬ್ಲೂ ಡೆವಿಲ್ಸ್ ದಳಕ್ಕೆ 98.100, ಒಂದು ಅಂಕದ ನಲವತ್ತರಲ್ಲೊಂದು ಪಾಲು ಸೋಲುಗೆಲುವನ್ನು ನಿರ್ಣಯಿಸಿತು. ಮೂವತ್ತನಾಲ್ಕು ಬಂದವನಿಗೆ ಒಂದಂಕ ಸೇರಿಸಿ ತೇರ್ಗಡೆಮಾಡುತ್ತಿದ್ದ ನಮ್ಮ ಕೈಗಳು ಈ ಲೆಕ್ಕವನ್ನು ಕೇಳಿ ಕೊಂಚ ನಾಚಿದವು.

ಪರದೆಯ ನೋಟದಲ್ಲಿ ಒಂದು ಕೊರತೆಯುಂಟು. ಕ್ರೀಡಾಂಗಣದಲ್ಲಿ ಕುಳಿತವನ ಕಣ್ಣು ತನಗೆ ಬೇಕಾದ ಕಡೆ ಹರಿಯಬಹುದು. ಇಲ್ಲಿಯೋ, ಕ್ಯಾಮರಾ ತೋರಿಸಿದ್ದೇ ನೋಟ. ಎತ್ತರದಿಂದ ತೋರಿಸಿದಾಗ ಮನುಷ್ಯರು ಮಾಯವಾಗಿ ವೃತ್ತಗಳೂ ಬಾಣಗಳೂ ಅಲೆಗಳೂ ಉಳಿಯುತ್ತವೆ. ಹತ್ತಿರದಿಂದ ತೋರಿಸಿದಾಗ ರಚನೆ ಮಾಯವಾಗಿ ಬೆವರಿದ ಒಂದು ಮುಖ ಉಳಿಯುತ್ತದೆ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಒಂಟಿಯಾಗಿ ಕುಳಿತಿದ್ದಳು. ಒಂದು ದಳದ ಹೆಸರನ್ನು ಕರೆದೊಡನೆ ಎದ್ದು ನಿಂತಳು. ಅವಳ ಮಗ ಆ ದಳದಲ್ಲಿದ್ದನಂತೆ. ಕೆಲಸಕ್ಕೆ ರಜೆ ದೊರೆಯದೆ ಇಂಡಿಯಾನಾಪೊಲಿಸಿಗೆ ಹೋಗಲಾಗಿರಲಿಲ್ಲ. ಮಂದಿರದವರೆಲ್ಲ ಎತ್ತರದ ನೋಟಕ್ಕೆ ಬೆರಗಾಗುತ್ತಿದ್ದರೆ, ಅವಳೊಬ್ಬಳು ಕ್ಯಾಮರಾ ಕೆಳಗಿಳಿಯುವುದನ್ನೇ ಕಾಯುತ್ತಿದ್ದಳು. ನೂರೈವತ್ತು ಮಂದಿ ಒಂದಾಗಬೇಕೆಂಬುದು ಆ ಕಲೆಯ ಗುರಿ. ಆ ನೂರೈವತ್ತರಲ್ಲಿ ಒಬ್ಬನನ್ನು ಬೇರೆಯಾಗಿ ಕಾಣಬೇಕೆಂಬುದು ಅವಳ ಆಸೆ. ಎರಡೂ ನ್ಯಾಯವೇ.

ಅಷ್ಟರಲ್ಲಿ ಚಿತ್ರ ಹಾಗೆಯೇ ನಿಂತುಬಿಟ್ಟಿತು. ಸದ್ದೂ ಅಡಗಿತು. ಎತ್ತಿದ ಕಾಲು ಎತ್ತಿದಂತೆಯೇ, ಮೇಲಕ್ಕೆಸೆದ ಧ್ವಜ ಗಾಳಿಯಲ್ಲಿ ಹಾಗೆಯೇ. ಯಾರೋ ಮಂದಿರದವರನ್ನು ಕರೆಯಲು ಓಡಿದರು. ಆ ತಾಯಿ ಮಾತ್ರ ಕುಳಿತುಕೊಳ್ಳಲಿಲ್ಲ. ಆಗ ಹಿಂದಿನ ಸಾಲಿನ ಹುಡುಗರಲ್ಲಿ ಒಬ್ಬ ಕುರ್ಚಿಯ ಕೈಯ ಮೇಲೆ ಅಂಗೈಯಿಂದ ತಾಳವನ್ನು ಮುಂದುವರಿಸಿದ. ಇನ್ನೊಬ್ಬ ಕೂಡಿಕೊಂಡ, ಆಮೇಲೆ ಸಾಲಿಗೆ ಸಾಲೇ. ಇಡೀ ಬೇಸಗೆ ಆ ದಳದ ವಾದನವನ್ನು ಕೇಳಿ ಕೇಳಿ ಅವರಿಗೆ ಅದು ಬಾಯಿಪಾಠವಾಗಿತ್ತು. ಕೆಲವರು ಕಹಳೆಯ ಸ್ವರವನ್ನು ಬಾಯಲ್ಲೇ ಹಾಡಿದರು. ನಮ್ಮ ಮೊಮ್ಮಗನೂ ಹಾಡಿದ. ಒಂದೂವರೆ ಎರಡು ನಿಮಿಷಗಳ ಮೇಲೆ ಚಿತ್ರ ಮತ್ತೆ ಚಲಿಸಿದಾಗ ಇವರು ಆ ದಳಕ್ಕಿಂತ ಸ್ವಲ್ಪ ಮುಂದೆ ಹೋಗಿಬಿಟ್ಟಿದ್ದರು! ಎಲ್ಲರೂ ನಕ್ಕರು, ಅವಳೂ ನಕ್ಕಳು. ಮಗನ ಮುಖ ಅವಳಿಗೆ ಕೊನೆಗೂ ಕಾಣಿಸಿತೋ ಇಲ್ಲವೋ ನಾವು ಕೇಳಲಿಲ್ಲ. ಮುಗಿದಾಗ ಅವಳು ಹಿಂದಕ್ಕೆ ತಿರುಗಿ, ಆ ಹುಡುಗರ ಕಡೆಗೆ ಚಪ್ಪಾಳೆ ತಟ್ಟಿದಳು.

ಕುರ್ಚಿಯ ಕೈಯ ಮೇಲಿನ ಆ ಬೆರಳುಗಳನ್ನು ನೋಡುತ್ತಿದ್ದಂತೆ ನಮಗೆ ಇನ್ನೊಂದು ಜೊತೆ ಬೆರಳುಗಳು ಕಣ್ಣಮುಂದೆ ಬಂದವು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ರಾತ್ರಿಯೆಲ್ಲ ಆಟದ ಬಯಲಿನಲ್ಲಿ ಕಳೆದು ಹಗಲು ತರಗತಿಯಲ್ಲಿ ತೂಕಡಿಸುವನು. ಎಚ್ಚರವಿದ್ದಾಗ ಮೇಜಿನ ಮೇಲೆ ಚೆಂಡೆಯ ಪೆಟ್ಟುಗಳನ್ನು ಬಾರಿಸುವನು. ನಾವು ಅವನ ತಂದೆಯನ್ನು ಕರೆಸಿ, ಮಗನ ಭವಿಷ್ಯ ಹಾಳಾಗುತ್ತಿದೆಯೆಂದು ಹೇಳಿ, ಅದನ್ನು ಬಿಡಿಸಿದೆವು. ಹುಡುಗ ಚೆನ್ನಾಗಿ ತೇರ್ಗಡೆಯಾದ, ಒಳ್ಳೆಯ ಉದ್ಯೋಗ ಹಿಡಿದ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಸಿಕ್ಕಿ ಕಾಲಿಗೆರಗಿದ. “ಈಗಲೂ ಚೆಂಡೆಯ ಹುಚ್ಚು ಇದೆಯೇ?” ಎಂದು ತಮಾಷೆಗೆ ಕೇಳಿದೆವು. “ಇಲ್ಲ, ಕೇಳುವುದನ್ನೂ ಬಿಟ್ಟಿದ್ದೇನೆ. ಕೇಳಿದರೆ ಕೈ ಸುಮ್ಮನಿರುವುದಿಲ್ಲ” ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ ಮೊಮ್ಮಗ ಏನನ್ನೂ ಕೇಳಲಿಲ್ಲ. ಮಗಳು ನಮಗೆ ಒಪ್ಪಿಸಿದ ಕೆಲಸ ಅವನಿಗೂ ಗೊತ್ತಿದ್ದಿರಬೇಕು. ಮನೆ ಹತ್ತಿರವಾದಾಗ ನಾವೇ ಹೇಳಿದೆವು: “ಸೇರು. ಆದರೆ ತರಗತಿಯಲ್ಲಿ ತೂಕಡಿಸಬೇಡ.” ಮಗಳು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ಅದೇ ಚಳಿಗಾಲದಲ್ಲಿ ಅವನಿಗೆ ಒಂದು ಸಣ್ಣ ದಳದಲ್ಲಿ ಸ್ಥಾನ ದೊರೆಯಿತು. ಆದರೆ 2020ರಲ್ಲಿ ಕೊರೊನಾ ಸೋಂಕು ಹಬ್ಬಿ ಆ ವರ್ಷದ ಸ್ಪರ್ಧೆಗಳೆಲ್ಲ ರದ್ದಾದವು. ಬಯಲುಗಳೂ ಬರಿದು, ಚಿತ್ರಮಂದಿರಗಳೂ ಬರಿದು. ಒಂಟಿ ದೀಪದ ಆ ಹೆಸರು ನಮಗೆ ಆಗ ಎಷ್ಟೋ ಸಲ ನೆನಪಾಯಿತು. 2021ರಲ್ಲಿ ದಳಗಳು ಕೂಡಿದರೂ ಅಂಕಗಳ ಸ್ಪರ್ಧೆಯಿರಲಿಲ್ಲ. 2022ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊಮ್ಮಗ ಇಂಡಿಯಾನಾಪೊಲಿಸಿನ ಆ ಹಸುರಿನ ಮೇಲೆ ಕಾಲಿಟ್ಟ.

ಅಲ್ಲಿ ಮಧ್ಯಾಹ್ನ ಎರಡು ಗಂಟೆ; ಇಲ್ಲಿ ರಾತ್ರಿ ಹನ್ನೊಂದೂವರೆ. ನಮ್ಮೂರಿಗೆ ಅಂಥ ಚಿತ್ರಮಂದಿರವೆಲ್ಲಿಂದ ಬರಬೇಕು? ಮಗಳು ಅಂತರ್ಜಾಲದ ಮೂಲಕ ಏರ್ಪಡಿಸಿಕೊಟ್ಟಿದ್ದ ಪ್ರಸಾರವನ್ನು, ಕಿಟ್ಟೆಲ್ ನಿಘಂಟಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ನೋಡಿದೆವು. ಹೊರಗೆ ಹೆಂಚಿನ ಮೇಲೆ ಮಳೆ. ಕ್ಯಾಮರಾ ಎರಡು ಸಲ ಕೆಳಗಿಳಿಯಿತು. ಎರಡು ಸಲವೂ ಬೇರೆಯವರ ಮಕ್ಕಳನ್ನು ತೋರಿಸಿತು. ಆ ದಳದಲ್ಲಿ ನಮ್ಮವನು ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಮುಗಿದಾಗ ನಾವಿಬ್ಬರೂ ಎದ್ದು ನಿಂತಿದ್ದೆವು, ಎಲ್ಲರಿಗಾಗಿಯೂ ಚಪ್ಪಾಳೆ ತಟ್ಟುತ್ತಿದ್ದೆವು.

ಬೆಳಗ್ಗೆ ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೇಳಿದರು: “ರಾತ್ರಿ ಏನದು ಗದ್ದಲ?”

“ಆಟ ಇತ್ತು” ಎಂದೆವು.

“ಪತ್ತನಾಜೆ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಎರಡು ತಿಂಗಳ ಮೇಲಾಯಿತು. ಈ ಮಳೆಗಾಲದಲ್ಲಿ ಎಂಥ ಆಟ?”

“ದೂರದ ಮೇಳ” ಎಂದೆವು.