ಶರಾವತಿ ಕಣಿವೆಗೆ ಎರಡು ದಿನ

ಜೋಗದ ಮಾತು ಬಂದಾಗಲೆಲ್ಲ ಮನೆಯ ಗಂಡಸರು “ಬೆಳಿಗ್ಗೆ ಹೊರಟು ರಾತ್ರಿಗೆ ಬಂದ್ರಾಯ್ತು” ಅಂತಾರೆ. ಒಪ್ಪಬೇಡಿ, ಸೋದರಿಯರೇ! ತುಮಕೂರಿನ ಕಡೆಯ ನಮ್ಮಂಥವರಿಗೆ ಅರಸೀಕೆರೆ, ಶಿವಮೊಗ್ಗದ ಮೇಲೆ ಸಾಗರಕ್ಕೇ ಸುಮಾರು 300 ಕಿಲೋಮೀಟರು. ಅಲ್ಲಿಂದ ಜೋಗ ಇನ್ನೂ 30. ಸಾಗರದಲ್ಲಿ ಒಂದು ರಾತ್ರಿ ತಂಗುವುದೆಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಬುತ್ತಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಸಾಕು.

ಮೊದಲ ದಿನ ಮಧ್ಯಾಹ್ನ ಜೋಗ. ಮಳೆಗಾಲದಲ್ಲಿ ಮಂಜು ಮುಸುಕಿದರೆ ಬರೀ ಸದ್ದು ಕೇಳೀತು. ಅವಸರ ಮಾಡದೆ ಕಾಯಿರಿ.

ಮಾರನೆಯ ದಿನ ಹೊಳೆಬಾಗಿಲು. ಮೊದಲೆಲ್ಲ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಕಾರು ನೇರವಾಗಿ ಹೋಗುತ್ತೆ. ಆದರೂ ದಡದಲ್ಲಿ ಇಳಿದು ಸ್ವಲ್ಪ ಹೊತ್ತು ನಿಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಈ ನೀರಿನಡಿ ಊರೂರೇ ಮುಳುಗಿದವು. ತೋಟ, ಗದ್ದೆ ಅಂತ ಎಲ್ಲರೂ ಲೆಕ್ಕ ಹೇಳ್ತಾರೆ. ಒಲೆ, ಒರಳು, ಹಿತ್ತಿಲ ಮಲ್ಲಿಗೆ ಬಿಟ್ಟು ಎದ್ದ ಹೆಂಗಸರನ್ನು ನೆನೆಯುವವರು ಯಾರು? ಆ ಸಂಸಾರಗಳಲ್ಲಿ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆಯುವವರಿದ್ದಾರೆ. ನಮ್ಮ ಮಿಕ್ಸಿ ತಿರುಗಿಸುವ ಕರೆಂಟಿನಲ್ಲಿ ಈ ನೀರಿನ ಪಾಲೂ ಉಂಟು. ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಿ, ಕಾರಿನಲ್ಲಿ ಬೇಡ. ಅಲ್ಲಿ ನಿದ್ದೆ ಹೋಗಿರ್ತಾರೆ.

ಮಧ್ಯಾಹ್ನ ಒಂದರೊಳಗೆ ಸಾಗರ ಬಿಟ್ಟರೆ ರಾತ್ರಿ ಊಟಕ್ಕೆ ಮನೆ.